ಸೀಟು ಸಿಕ್ಕರೆ ಸಾಕೇ? ಮಿಶ್ರಿಕೋಟಿ ಮಕ್ಕಳ ವಸತಿ ಶಾಲೆ ಲೆಕ್ಕಾಚಾರ

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಐದನೇ ಇಯತ್ತೆಯ ಮಗುವಿರುವ ಮನೆಗೆ ಯಾರೇ ಬರಲಿ, ಚಹಾ ಕುಡಿಯುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನವೋದಯಕ್ಕ ಅರ್ಜಿ ಹಾಕೀರೇನ್ರಿ? ಮೊರಾರ್ಜಿ ಪರೀಕ್ಷೆ ಕಟ್ಟಿಸೀರೇನು?" ಬಸ್ಸಿನಲ್ಲಿ ಇದೇ ಮಾತು, ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ಇದೇ ಮಾತು. ಮಳೆಗಾಲದಲ್ಲಿ ಅರ್ಜಿ, ಚಳಿಗಾಲದಲ್ಲಿ ಪರೀಕ್ಷೆ, ಬ್ಯಾಸಿಗೆಯಲ್ಲಿ ಯಾದಿ. ಯಾದಿಯಲ್ಲಿ ಹೆಸರು ಬಂತೆಂದರೆ ಪೇಢೆ ಹಂಚುವುದು. ಅಲ್ಲಿಗೆ ತಂದೆ-ತಾಯಿಯ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ.

ನಿಜವಾದ ಕೆಲಸ ಅಲ್ಲಿಂದಲೇ ಸುರುವಾಗುತ್ತದೆ. ಹತ್ತು ವರ್ಷದ ಕೂಸನ್ನು ಯಾವ ಶಾಲೆಯ ಗೇಟಿನೊಳಗೆ ಬಿಡುತ್ತೇವೆ ಎಂಬುದರ ಮೇಲೆ ಆ ಕೂಸು ಯಾವ ಭಾಷೆಯಲ್ಲಿ ವಿಜ್ಞಾನ ಕಲಿಯುತ್ತದೆ, ಹತ್ತನೇ ಇಯತ್ತೆ ಯಾವ ಬೋರ್ಡಿನಲ್ಲಿ ಬರೆಯುತ್ತದೆ, ಮುಂದೆ ಇಂಜಿನಿಯರಿಂಗ್, ಕೃಷಿ ಕಾಲೇಜುಗಳ ಸೀಟಿನ ಸರತಿಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅರ್ಧಕ್ಕರ್ಧ ತೀರ್ಮಾನವಾಗಿಬಿಡುತ್ತದೆ. ಕೋರ್ಸು ಆರಿಸುವುದು ಎಸ್‌ಎಸ್‌ಎಲ್‌ಸಿ ನಂತರದ ಮಾತೆಂದು ಪಾಲಕರು ತಿಳಿದಿದ್ದಾರೆ. ಆದರೆ ಐದನೇ ಇಯತ್ತೆ ಮುಗಿಯುವಾಗಲೇ ಅದರ ಮೊದಲ ಸಹಿ ಬಿದ್ದಿರುತ್ತದೆ.

ವಾರಾನ್ನದಿಂದ ವಸತಿ ಶಾಲೆಗೆ

ಧಾರವಾಡ ಜಿಲ್ಲೆಗೆ ಮಕ್ಕಳನ್ನು ಓದಲಿಕ್ಕೆ ಹೊರಗೆ ಇಡುವುದು ಹೊಸದೇನಲ್ಲ. ಒಂದು ಕಾಲದಲ್ಲಿ ಹಳ್ಳಿಯ ಬಡ ಹುಡುಗರು ಧಾರವಾಡಕ್ಕೆ ಬಂದು ವಾರಾನ್ನ ಉಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆಮೇಲೆ ಮಠಗಳು ಬಾಗಿಲು ತೆರೆದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಆಗ ಸೀಟಿಗೆ ಪರೀಕ್ಷೆ ಇರಲಿಲ್ಲ. ಬಡತನ ಮತ್ತು ಓದುವ ಹಂಬಲ, ಇವೆರಡೇ ಅರ್ಹತೆ.

ಸ್ವಾತಂತ್ರ್ಯದ ನಂತರ ಸರ್ಕಾರವೇ ಈ ಕೆಲಸಕ್ಕೆ ಇಳಿಯಿತು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಬಂತು. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಹುಡುಗಿಯರ ಸೈನಿಕ ವಸತಿ ಶಾಲೆ ಬಂತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಜಿಲ್ಲೆಗೊಂದರಂತೆ ನವೋದಯ ವಿದ್ಯಾಲಯಗಳು ಬಂದವು. ಧಾರವಾಡ ಜಿಲ್ಲೆಯದು ಕ್ಯಾರಕೊಪ್ಪದಲ್ಲಿದೆ. 1996-97ರಿಂದ ರಾಜ್ಯ ಸರ್ಕಾರ ಮೊರಾರ್ಜಿ ದೇಸಾಯಿ ಹೆಸರಿನ ವಸತಿ ಶಾಲೆಗಳನ್ನು ತೆರೆಯಿತು. ಮುಂದೆ ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಇಂದಿರಾ ಗಾಂಧಿ, ವಾಜಪೇಯಿ ಹೆಸರಿನವೂ ಸೇರಿದವು. 2004ರಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಕಸ್ತೂರಬಾ ಬಾಲಿಕಾ ವಿದ್ಯಾಲಯಗಳ ಯೋಜನೆ ಬಂತು.

ಇಷ್ಟು ಹೆಸರುಗಳ ನಡುವೆ ಪಾಲಕರು ಗಲಿಬಿಲಿಯಾಗುವುದು ಸಹಜ. ಅದಕ್ಕೆ ಮೊದಲು ಮೂರು ಮಾತು ತಿಳಿದಿರಬೇಕು. ವಸತಿ ಶಾಲೆ ಎಂದರೆ ಪಾಠ, ಊಟ, ನಿದ್ದೆ ಮೂರೂ ಒಂದೇ ಆವಾರದಲ್ಲಿ. ವಸತಿ ನಿಲಯ ಎಂದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲು; ಉಳಿದುಕೊಳ್ಳುವುದು ಅಲ್ಲಿ, ಓದುವುದು ಊರಿನ ಬೇರೆ ಶಾಲೆಯಲ್ಲಿ. ಇನ್ನು ಆದರ್ಶ ವಿದ್ಯಾಲಯಕ್ಕೆ ಪ್ರವೇಶ ಪರೀಕ್ಷೆ ಇದ್ದರೂ ಅದು ವಸತಿ ಶಾಲೆಯಲ್ಲ, ಸಂಜೆಗೆ ಮಗು ಮನೆಗೆ ಬರಬೇಕು. ಪರೀಕ್ಷೆ ಪಾಸಾದ ಮೇಲೆ "ಅಲ್ಲಿ ಇರಾಕ ಜಾಗಾ ಇಲ್ಲಂತ್ರಿ" ಎಂದು ಕೈ ಕೈ ಹಿಸುಕಿಕೊಳ್ಳುವವರು ಈ ವ್ಯತ್ಯಾಸ ಕೇಳಿರುವುದಿಲ್ಲ.

ಬಸ್ಸೋ ಹಾಸ್ಟೆಲೋ?

ಮಿಶ್ರಿಕೋಟಿಯಂಥ ಊರಿಗೆ ಇನ್ನೊಂದು ದಾರಿಯೂ ಇದೆ. ಒಂದು ಕಡೆ ಕಲಘಟಗಿ, ಇನ್ನೊಂದು ಕಡೆ ಹುಬ್ಬಳ್ಳಿ. ಬಸ್ಸು ಹತ್ತಿದರೆ ಶಾಲೆ, ಕಾಲೇಜು ಎರಡೂ ಸಿಗುತ್ತವೆ. ಹಾಗಾದರೆ ಕೂಸನ್ನು ಮನೆಯಿಂದ ದೂರ ಇಡುವುದೇಕೆ?

ಈ ಲೆಕ್ಕ 2023ರ ಜೂನ್ 11ರಿಂದ ಬದಲಾಗಿದೆ. ಅಂದು ಶಕ್ತಿ ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡು ಉಳಿಯಿತು. "ದಿನಾ ಬಸ್ ಚಾರ್ಜ್ ಯಾರ್ ಕೊಡಬೇಕು" ಎಂದು ಏಳನೇ ಇಯತ್ತೆಗೇ ಮಗಳ ಶಾಲೆ ಬಿಡಿಸುತ್ತಿದ್ದ ಅಪ್ಪನಿಗೆ ಆ ನೆವ ಈಗ ಉಳಿದಿಲ್ಲ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಟಿಕೆಟು ಪುಕ್ಕಟೆಯಾದರೂ ಹೊತ್ತು ಪುಕ್ಕಟೆಯಲ್ಲ. ಮುಂಜಾನೆ ತುಂಬಿದ ಬಸ್ಸಿನಲ್ಲಿ ಚೀಲ ಹೊತ್ತು ನಿಲ್ಲುವುದು, ಬಸ್ಸು ನಿಲ್ಲಿಸದೆ ಹೋದರೆ ಮೊದಲ ತಾಸು ತಪ್ಪುವುದು, ಸಂಜೆ ಕತ್ತಲಾದ ಮೇಲೆ ಮನೆ ಸೇರುವುದು, ಆಮೇಲೆ ಕಸ, ಮುಸುರೆ, ತಮ್ಮ-ತಂಗಿಯರ ಆರೈಕೆ. ಹತ್ತಿ ಬಿಡಿಸುವಾಗ, ಗೋವಿನಜೋಳ ಮುರಿಯುವಾಗ ವಾರಗಟ್ಟಲೆ ಗೈರುಹಾಜರಿ. ವಸತಿ ಶಾಲೆಯ ದೊಡ್ಡ ಲಾಭ ಅಲ್ಲಿನ ಕಟ್ಟಡವೂ ಅಲ್ಲ, ಕಂಪ್ಯೂಟರೂ ಅಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ಯಾರೂ "ಏಳವಾ, ನೀರು ತಾ" ಎನ್ನದೆ ಇರುವ ಆ ಮೂರು ತಾಸು. ಹೆಣ್ಣುಮಗುವಿಗಂತೂ ಅದೇ ದೊಡ್ಡ ಆಸ್ತಿ.

ಹಾಗೆಂದು ಎಲ್ಲ ಮಕ್ಕಳಿಗೂ ವಸತಿ ಶಾಲೆಯೇ ಮದ್ದಲ್ಲ. ಮನೆಯಲ್ಲಿ ಓದಲು ಒಂದು ಮೂಲೆ, ವಿಚಾರಿಸುವ ಒಬ್ಬ ದೊಡ್ಡವರು, ಸಮೀಪದಲ್ಲಿ ಒಳ್ಳೆಯ ಸರ್ಕಾರಿ ಪ್ರೌಢಶಾಲೆ ಇದ್ದರೆ ಮಗು ಮನೆಯಲ್ಲೇ ಇದ್ದು ಮುಂದೆ ಬಂದೀತು. ವಿಲಾಯತಿಯಲ್ಲಿ ಶ್ರೀಮಂತರು ಎಂಟು ವರ್ಷದ ಮಕ್ಕಳನ್ನು ಪ್ರತಿಷ್ಠೆಗಾಗಿ ಬೋರ್ಡಿಂಗಿಗೆ ಕಳಿಸಿದ ಸಂಪ್ರದಾಯವಿದೆ. ಹಾಗೆ ಬೆಳೆದವರ ಮನಸ್ಸಿನಲ್ಲಿ ಉಳಿಯುವ ಗಾಯದ ಬಗ್ಗೆ ಜಾಯ್ ಶಾವೇರಿಯನ್ ಎಂಬ ಮನೋವಿಶ್ಲೇಷಕಿ 2015ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮಲ್ಲಿ ಮಕ್ಕಳು ಹೋಗುವುದು ಪ್ರತಿಷ್ಠೆಗಲ್ಲ, ಅವಕಾಶಕ್ಕೆ. ಆದರೂ ರಾತ್ರಿ ಚಾದರದೊಳಗೆ ಅಳುವ ಹತ್ತು ವರ್ಷದ ಕೂಸಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದನ್ನು ದೊಡ್ಡವರು ಮರೆಯಬಾರದು.

ಒಂದೇ ಸಲದ ಪರೀಕ್ಷೆ

ನವೋದಯದ ಆರನೇ ಇಯತ್ತೆಯ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಎರಡು ತಾಸಿನಲ್ಲಿ 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಬುದ್ಧಿಶಕ್ತಿಯವು, 20 ಲೆಕ್ಕದವು, 20 ಭಾಷೆಯವು. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸೀಟುಗಳಲ್ಲಿ ಕನಿಷ್ಠ 75 ಪ್ರತಿಶತ ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಹಳ್ಳಿಯ ಸೀಟು ಬೇಕೆಂದರೆ ಮೂರು, ನಾಲ್ಕು, ಐದನೇ ಇಯತ್ತೆಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು.

ಇಲ್ಲೊಂದು ವಿಪರ್ಯಾಸವಿದೆ. "ನವೋದಯ ಪರೀಕ್ಷೆಗೆ ತಯಾರಿ ಆಗ್ಲಿ" ಎಂದು ಮೂರನೇ ಇಯತ್ತೆಗೇ ಮಗುವನ್ನು ಹುಬ್ಬಳ್ಳಿಯ ಶಾಲೆಗೆ ಸೇರಿಸುವ ಪಾಲಕರಿದ್ದಾರೆ. ತಯಾರಿ ಆಗುತ್ತದೋ ಇಲ್ಲವೋ, ಹಳ್ಳಿಯ ಸೀಟು ಮಾತ್ರ ಅಂದೇ ಕೈತಪ್ಪುತ್ತದೆ. ಮಿಶ್ರಿಕೋಟಿಯ ಸರ್ಕಾರಿ ಶಾಲೆಯೇ ಅದಕ್ಕೆ ಮೊದಲ ಅರ್ಹತಾ ಪತ್ರ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಮೊರಾರ್ಜಿ ಮತ್ತು ಅದರ ಸೋದರ ಶಾಲೆಗಳ ಆರನೇ ಇಯತ್ತೆಯ ಪರೀಕ್ಷೆಯನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಂಕ, ಮೀಸಲಾತಿ, ಪಾಲಕರು ಬರೆದ ಶಾಲೆಗಳ ಆದ್ಯತೆ, ಈ ಮೂರನ್ನೂ ನೋಡಿ ಸೀಟು ಹಂಚಲಾಗುತ್ತದೆ. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲವೂ ಉಚಿತ. ತಂದೆ-ತಾಯಿ ಇಲ್ಲದ ಮಕ್ಕಳಂಥ ವಿಶೇಷ ವರ್ಗಗಳಿಗೆ ಬೇರೆ ಅವಕಾಶವೂ ಇದೆ. ಆದರೆ ಅರ್ಜಿಯಲ್ಲಿ ಆದ್ಯತೆಯ ಯಾದಿಯನ್ನು ತುಂಬುವವರು ಯಾರು? ಬಹಳಷ್ಟು ಸಲ ಕಂಪ್ಯೂಟರ್ ಸೆಂಟರಿನ ಹುಡುಗ. "ಯಾವ್ದರ ಹಾಕಪಾ, ಸೀಟ್ ಬಂದ್ರ ಸಾಕು" ಎಂದು ಅಪ್ಪ ಹೇಳುತ್ತಾನೆ. ಆಮೇಲೆ ಬೇರೆ ಜಿಲ್ಲೆಯ ಮೂಲೆಯ ಶಾಲೆ ಬಂದಾಗ, ಎರಡು ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಹೋಗಿಬರಲೂ ಆಗದೆ ಮಗು ಒಂಟಿಯಾಗುತ್ತದೆ. ಆ ಯಾದಿಯನ್ನು ಮನೆಯವರೇ ಕೂತು ಬರೆಯಬೇಕು. ಹೋಗಿಬರುವ ಬಸ್ಸಿನ ಅನುಕೂಲವೂ ಒಂದು ಅರ್ಹತೆ ಎಂದು ತಿಳಿಯಬೇಕು.

ಯಾರೂ ಕೇಳದ ಪ್ರಶ್ನೆ: ಭಾಷೆ

ಮಿಶ್ರಿಕೋಟಿಯ ಮಗು ಐದು ವರ್ಷ ಕನ್ನಡದಲ್ಲಿ ಲೆಕ್ಕ, ಪರಿಸರ ಕಲಿತಿರುತ್ತದೆ. ಮೊರಾರ್ಜಿ ಮಾದರಿಯ ಹೆಚ್ಚಿನ ಶಾಲೆಗಳಲ್ಲಿ ಆರನೇ ಇಯತ್ತೆಯಿಂದ ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಒಂದು ಭಾಷಾ ವಿಷಯವಾಗಿ ಮಾತ್ರ. ನವೋದಯದಲ್ಲಿ ಮೊದಮೊದಲು ನಾಡಭಾಷೆಯ ಆಸರೆ ಇರುತ್ತದೆ, ಆಮೇಲೆ ವಿಜ್ಞಾನ-ಗಣಿತ ಇಂಗ್ಲಿಷಿಗೆ ಹೋಗುತ್ತವೆ, ಹಿಂದಿಯ ಭಾರವೂ ಸೇರುತ್ತದೆ. ಒಂಬತ್ತನೇ ಇಯತ್ತೆಯಲ್ಲಿ ಮೂವತ್ತು ಪ್ರತಿಶತ ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯೂ ಆ ಯೋಜನೆಯಲ್ಲಿದೆ. ಭಾಷೆಯ ಮಾತು ಸಣ್ಣದಲ್ಲ ಎಂಬುದಕ್ಕೆ ಒಂದೇ ಸಾಕ್ಷಿ ಸಾಕು: ತ್ರಿಭಾಷಾ ಸೂತ್ರ ಒಪ್ಪದ ತಮಿಳುನಾಡು ಸರ್ಕಾರ ಅದೇ ಕಾರಣಕ್ಕೆ ನವೋದಯಗಳನ್ನೇ ಬೇಡವೆಂದಿತು.

ಕನ್ನಡ ಶಾಲೆಯ ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಗೆಲ್ಲುವುದಿಲ್ಲ ಎಂದಲ್ಲ. ಗೆದ್ದವರು ಬೇಕಾದಷ್ಟು. ಆದರೆ ಮೊದಲ ಆರು ತಿಂಗಳು ಆ ಮಗುವಿಗೆ ತಾನು ದಡ್ಡ ಎನಿಸುತ್ತದೆ. ಊರಲ್ಲಿ ಮೊದಲ ನಂಬರಿನಲ್ಲಿದ್ದ ಹುಡುಗಿ ಅಲ್ಲಿ ಕೊನೆಯ ಬೆಂಚಿಗೆ ಬೀಳುತ್ತಾಳೆ. "ಭಾಗಾಕಾರ" ಗೊತ್ತಿದ್ದವಳಿಗೆ "ಡಿವಿಜನ್" ಎಂದರೆ ಅದೇ ಎಂದು ಹೇಳುವವರು ಬೇಕು. ಮನೆಯ ನೆನಪಿಗಿಂತ ಹೆಚ್ಚಾಗಿ ಈ ಅವಮಾನವೇ ಮಕ್ಕಳನ್ನು ವಾಪಸು ಕರೆತರುತ್ತದೆ.

ಇದಕ್ಕೆ ಮದ್ದು ಏಪ್ರಿಲ್-ಮೇ ರಜೆಯಲ್ಲೇ ಇದೆ. ಲೆಕ್ಕ ಮತ್ತು ವಿಜ್ಞಾನದ ಇನ್ನೂರು ಇಂಗ್ಲಿಷ್ ಶಬ್ದಗಳನ್ನು ಕನ್ನಡದ ಶಬ್ದದ ಎದುರು ಬರೆದು ದಿನಕ್ಕೆ ಐದರಂತೆ ಕಲಿತರೆ ಎರಡು ತಿಂಗಳೊಳಗೆ ಮುಗಿಯುತ್ತದೆ. ಊರಿನಲ್ಲಿ ಪಿಯುಸಿ ಓದುವ ಅಕ್ಕನೋ ಅಣ್ಣನೋ ಇದನ್ನು ಮಾಡಿಸಬಲ್ಲರು. ಸಾವಿರಾರು ರೂಪಾಯಿ ಕೋಚಿಂಗ್ ಕೊಟ್ಟು ಸೀಟು ಗಿಟ್ಟಿಸಿದವರು ಈ ಪುಕ್ಕಟೆ ತಯಾರಿಯನ್ನು ಮರೆಯುತ್ತಾರೆ.

ಹತ್ತು ವರ್ಷದ ಸರ್ಟಿಫಿಕೇಟು

ಇನ್ನೊಂದು ಲೆಕ್ಕ ಇನ್ನೂ ಮಹತ್ವದ್ದು. ಕರ್ನಾಟಕದ ಸಿಇಟಿಯಲ್ಲಿ ಹಂಚುವ ಸೀಟುಗಳಲ್ಲಿ 15 ಪ್ರತಿಶತ ಗ್ರಾಮೀಣ ಮೀಸಲು, 5 ಪ್ರತಿಶತ ಕನ್ನಡ ಮಾಧ್ಯಮದ ಮೀಸಲು. ಗ್ರಾಮೀಣ ಮೀಸಲು ಬೇಕೆಂದರೆ ಒಂದರಿಂದ ಹತ್ತನೇ ಇಯತ್ತೆಯವರೆಗೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ್ದು ಬೇಕೆಂದರೆ ಹತ್ತೂ ವರ್ಷ ಕನ್ನಡದಲ್ಲಿ ಓದಿರಬೇಕು. ಮುಖ್ಯೋಪಾಧ್ಯಾಯರು ಬರೆದುಕೊಟ್ಟ ಸರ್ಟಿಫಿಕೇಟಿಗೆ ಬಿಇಓ ಸಾಹೇಬರ ಸಹಿಯೂ ಬೇಕು. ಒಂದು ವರ್ಷ ಕಡಿಮೆಯಾದರೂ ಹಕ್ಕಿಲ್ಲ. ರಾಜ್ಯ ಸರ್ಕಾರದ ನೌಕರಿಗಳಲ್ಲೂ ಗ್ರಾಮೀಣರಿಗೆ 25, ಕನ್ನಡ ಮಾಧ್ಯಮದವರಿಗೆ 5 ಪ್ರತಿಶತದ ಮೀಸಲು ಇದೆ.

ಈಗ ಲೆಕ್ಕ ಹಾಕಿ ನೋಡಬೇಕು. ಮಿಶ್ರಿಕೋಟಿ ಗ್ರಾಮ ಪಂಚಾಯಿತಿಯ ಊರು, ಆದ್ದರಿಂದ ಹಳ್ಳಿ. ಕಲಘಟಗಿ ಪಟ್ಟಣ ಪಂಚಾಯಿತಿಯ ಊರು, ಕಾನೂನಿನ ಕಣ್ಣಿಗೆ ಅದು ಹಳ್ಳಿಯಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಾತಂತೂ ಕೇಳಬೇಕಾಗಿಲ್ಲ. ಹೀಗಾಗಿ ಐದರವರೆಗೆ ಊರಲ್ಲಿ ಓದಿ ಆರನೇ ಇಯತ್ತೆಗೆ ಪೇಟೆಯ ಶಾಲೆಗೆ ಸೇರಿದ ಮಗು, ತಿಳಿದೋ ತಿಳಿಯದೆಯೋ, ಗ್ರಾಮೀಣ ಮೀಸಲನ್ನು ಬಿಟ್ಟುಕೊಟ್ಟ ಹಾಗೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಗು ಕನ್ನಡ ಮಾಧ್ಯಮದ ಮೀಸಲನ್ನು ಬಿಟ್ಟುಕೊಟ್ಟ ಹಾಗೆ. ಏಳು ವರ್ಷದ ನಂತರ ಸಿಇಟಿ ಅರ್ಜಿ ತುಂಬುವಾಗ ಇದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಒಳ್ಳೆಯ ವಸತಿ ಶಾಲೆಯ ಸೀಟು ಬಿಡಬೇಕೇ? ಬೇಡ. ಐದು ವರ್ಷದ ಒಳ್ಳೆಯ ಪಾಠ, ಹೊಟ್ಟೆ ತುಂಬ ಊಟ, ಓದಲು ಹೊತ್ತು, ಇವು ಯಾವ ಮೀಸಲಿಗೂ ಕಡಿಮೆಯಲ್ಲ. ಮಾತು ಇಷ್ಟೇ: ಕೊಡುವುದೇನು, ಪಡೆಯುವುದೇನು ಎಂದು ತಿಳಿದು ಕೊಡಬೇಕು. ಒಂದೇ ತೂಕದ ಎರಡು ಶಾಲೆಗಳಿದ್ದರೆ ಹಳ್ಳಿಯ ಹದ್ದಿನಲ್ಲಿರುವುದನ್ನು ಆರಿಸಬಹುದು. ಶಾಲೆಯ ಆಫೀಸಿನಲ್ಲಿ "ಈ ಜಾಗಾ ಗ್ರಾಮ ಪಂಚಾಯ್ತಿಗೆ ಬರ್ತದೋ, ಪಟ್ಟಣಕ್ಕ ಬರ್ತದೋ? ಪಾಠ ಯಾವ ಮಾಧ್ಯಮ?" ಎಂದು ಎರಡು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಅಂಗಡಿಯಲ್ಲಿ ಒಂದು ಚೀಲ ಗೊಬ್ಬರ ಕೊಳ್ಳುವಾಗ ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತೇವೆ.

ಹತ್ತರ ನಂತರದ ಕವಲು

ಎಸ್‌ಎಸ್‌ಎಲ್‌ಸಿ ಮುಗಿಯುತ್ತಲೂ ಊರಿನವರದೆಲ್ಲ ಒಂದೇ ಸಲಹೆ: "ಶಾಣ್ಯಾ ಇದ್ರ ಸೈನ್ಸ್, ಇಲ್ಲಂದ್ರ ಆರ್ಟ್ಸ್." ಈ ಮಾತಿನಷ್ಟು ಮಕ್ಕಳನ್ನು ಕೆಡಿಸಿದ್ದು ಬೇರೊಂದಿಲ್ಲ.

ವಿಜ್ಞಾನದಲ್ಲೇ ಕವಲುಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರ ತೆಗೆದುಕೊಂಡರೆ ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೂರೂ ಬಾಗಿಲು ತೆರೆದಿರುತ್ತವೆ, ಆದರೆ ಭಾರ ಹೆಚ್ಚು. ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ತೆಗೆದುಕೊಂಡರೆ ನೀಟ್ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಿಶ್ರಿಕೋಟಿಗೆ ಬಸ್ಸಿನ ದಾರಿಯಲ್ಲೇ ಇದೆ. ಬಿ.ಎಸ್ಸಿ. ಕೃಷಿ ಪದವಿಗೆ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಕಾಳು, ಸಲಕರಣೆ ಗುರುತಿಸುವ ಆ ಪರೀಕ್ಷೆ ಹೊಲದಲ್ಲಿ ಬೆಳೆದ ಮಗುವಿಗೆ ಪೇಟೆಯ ಮಗುವಿಗಿಂತ ಹಗುರ. ಆದರೆ ಆರನೇ ಇಯತ್ತೆಯಿಂದ ಹೊಲ ಕಾಣದೆ ವಸತಿ ಶಾಲೆಯಲ್ಲೇ ಬೆಳೆದ ರೈತನ ಮಗ ಆ ಲಾಭವನ್ನೂ ಕಳೆದುಕೊಳ್ಳುತ್ತಾನೆ. ರಜೆಗೆ ಬಂದಾಗ ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗುವುದೂ ಓದಿನ ಭಾಗವೇ.

ವಿಜ್ಞಾನ ಒಗ್ಗದವರಿಗೆ ಬಾಗಿಲು ಮುಚ್ಚಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಹೋಗಬಹುದು. ವಾಣಿಜ್ಯ ಓದಿದವರಿಗೆ ಹುಬ್ಬಳ್ಳಿಯಂಥ ವ್ಯಾಪಾರದ ಪೇಟೆ ಪಕ್ಕದಲ್ಲೇ ಇದೆ. ಕಲಾ ವಿಭಾಗದವರು ಶಿಕ್ಷಕ, ವಕೀಲ, ಅಧಿಕಾರಿಗಳಾಗಿ ನಾಡನ್ನು ನಡೆಸುತ್ತಿಲ್ಲವೇ?

ಒಂದು ಎಚ್ಚರ: ವಸತಿ ಶಾಲೆಯ ಆಸರೆ ಬಹುಮಟ್ಟಿಗೆ ಹತ್ತನೇ ಇಯತ್ತೆಗೆ ಮುಗಿಯುತ್ತದೆ. ನವೋದಯದಲ್ಲಿ ಹನ್ನೆರಡರವರೆಗೆ ಇರಬಹುದು. ರಾಜ್ಯದ ಶಾಲೆಗಳಲ್ಲಿ ಪಿಯು ಇರುವುದು ಕೆಲವೇ ಕಡೆ, ಅಲ್ಲಿ ಬೇಕಾದ ವಿಷಯ ಇದೆಯೋ ಇಲ್ಲವೋ ಕೇಳಬೇಕು. ಇಲ್ಲವಾದರೆ ಹುಬ್ಬಳ್ಳಿ-ಧಾರವಾಡದ ಕಾಲೇಜು, ಮೆಟ್ರಿಕ್ ನಂತರದ ಇಲಾಖೆಯ ಹಾಸ್ಟೆಲು. ಐದು ವರ್ಷ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡ ಮಗು ಒಮ್ಮೆಲೇ ಪೇಟೆಗೆ ಬಿದ್ದಾಗ ದಾರಿ ತಪ್ಪುವ ಭಯ ಹೆಚ್ಚು. ಒಂಬತ್ತನೇ ಇಯತ್ತೆಯಲ್ಲೇ ಮುಂದಿನ ಊರು, ಮುಂದಿನ ಹಾಸ್ಟೆಲು ಯಾವುದೆಂದು ವಿಚಾರ ಸುರು ಮಾಡಬೇಕು.

ಟ್ರಂಕಿನೊಳಗೆ ಏನಿರಬೇಕು?

ಸೀಟು ಸಿಕ್ಕ ಮನೆಯಲ್ಲಿ ಉಂಡಿ, ಚಕ್ಕುಲಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟುವುದರಲ್ಲಿ ನಮ್ಮ ತಾಯಂದಿರು ಹಿಂದೆ ಬಿದ್ದವರಲ್ಲ. ಹೊಸ ಟ್ರಂಕು, ಬೀಗ, ಬಕೆಟ್, ತಾಟು, ಚಾದರ ಎಲ್ಲವೂ ಬರುತ್ತವೆ. ಆದರೆ ಟ್ರಂಕಿಗೆ ಹಾಕಲಾಗದ ಸಾಮಾನುಗಳೇ ಅಲ್ಲಿ ಹೆಚ್ಚು ಬೇಕಾಗುತ್ತವೆ.

ಮಗುವಿಗೆ ತನ್ನ ಅಂಗಿ ತಾನು ಒಗೆಯಲು, ಹಿಂಡಿ ಒಣಹಾಕಲು ಬರಬೇಕು. ಹಾಸಿಗೆ ಸುತ್ತಲು, ಉಗುರು ತೆಗೆದುಕೊಳ್ಳಲು, ತಲೆ ಬಾಚಿಕೊಳ್ಳಲು ಬರಬೇಕು. ಸಾಂಬಾರು ಸೇರದಿದ್ದರೂ ಉಣ್ಣುವ ರೂಢಿ ಬೇಕು. ನಮ್ಮಲ್ಲಿ ಗಂಡು ಕೂಸಿಗೆ ಇದನ್ನು ಕಲಿಸುವ ಪದ್ಧತಿಯೇ ಇಲ್ಲ, ಅಕ್ಕ-ತಂಗಿ ಮಾಡಿಕೊಡುತ್ತಾರೆ. ಹೀಗಾಗಿ ಮೊದಲ ತಿಂಗಳು ಹುಡುಗರ ಪಾಡೇ ಹೆಚ್ಚು ಕಷ್ಟ. ಮೇ ತಿಂಗಳಲ್ಲಿ ಒಂದು ವಾರ ಸೋದರಮಾವನ ಮನೆಗೋ ದೊಡ್ಡವ್ವನ ಮನೆಗೋ ಒಂಟಿಯಾಗಿ ಕಳಿಸಿ, "ನಿನ್ನ ಕೆಲಸ ನೀನೇ ಮಾಡ್ಕೋಬೇಕು" ಎಂದು ಹೇಳಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಅಂಗಿ, ಚಾದರದ ಮೂಲೆಯಲ್ಲಿ ದಾರದಿಂದ ಹೆಸರು ಹೊಲಿಯಬೇಕು. ತಂದೆಯ ಫೋನ್ ನಂಬರು ಬಾಯಿಪಾಠ ಇರಬೇಕು. ಮಗುವಿಗೆ ರಾತ್ರಿ ಹಾಸಿಗೆ ಒದ್ದೆ ಮಾಡುವ ತೊಂದರೆಯೋ, ಆಸ್ತಮಾವೋ, ಮೂರ್ಛೆಯೋ ಇದ್ದರೆ ಮುಚ್ಚಿಡದೆ ವಾರ್ಡನ್‌ಗೆ ಮೊದಲೇ ಹೇಳಬೇಕು. ಮುಚ್ಚಿಟ್ಟರೆ ಮಕ್ಕಳ ಮುಂದೆ ಅವಮಾನ ತಿನ್ನುವುದು ಮಗುವೇ. ಹತ್ತು-ಹನ್ನೊಂದು ವರ್ಷದ ಹುಡುಗಿಗೆ ಮುಟ್ಟಿನ ವಿಚಾರವನ್ನು ತಾಯಿ ಹೊರಡುವ ಮೊದಲೇ ತಿಳಿಸಿ ಹೇಳಬೇಕು. ನಾಚಿಕೆಯಿಂದ ಸುಮ್ಮನಿದ್ದರೆ, ಯಾರೂ ಹೇಳದ ಊರಲ್ಲಿ ಆ ಕೂಸು ಹೆದರಿ ಸಾಯುತ್ತದೆ. ಕಜ್ಜಿ, ಹೇನು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತವೆ. ತನ್ನ ಟವೆಲು, ತನ್ನ ಹಣಿಗೆ ತಾನೇ ಬಳಸುವ ಪಾಠ ಮನೆಯಲ್ಲೇ ಆಗಬೇಕು.

ಎಲ್ಲಕ್ಕಿಂತ ದೊಡ್ಡದು, ಹೇಳಿಕೊಳ್ಳುವ ಧೈರ್ಯ. ಯಾರಾದರೂ ಹೊಡೆದರೆ, ಮೈ ಮುಟ್ಟಿದರೆ, ಹೆದರಿಸಿದರೆ ಮನೆಗೆ ಹೇಳಬಹುದು ಎಂಬ ನಂಬಿಕೆ ಮಗುವಿಗೆ ಇರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2012ರ ಪೋಕ್ಸೋ ಕಾಯ್ದೆ ಲೈಂಗಿಕ ದೌರ್ಜನ್ಯಕ್ಕೆ ಕಠಿಣ ಶಿಕ್ಷೆ ಇಟ್ಟಿದೆ. ಮಕ್ಕಳ ಸಹಾಯವಾಣಿ 1098 ದುಡ್ಡಿಲ್ಲದೆ ಹತ್ತುತ್ತದೆ. ಕಾನೂನು ಎಷ್ಟೇ ಇದ್ದರೂ "ಸುಮ್ನ ಓದು, ಚಾಡಿ ಹೇಳಬ್ಯಾಡ" ಎಂದು ಗದರಿಸಿ ಕಳಿಸಿದ ಮನೆಯ ಮಗು ಬಾಯಿ ಬಿಡುವುದಿಲ್ಲ.

ವಾಪಸು ಬಂದರೆ?

ಕೆಲವು ಮಕ್ಕಳು ತಿಂಗಳೊಳಗೆ ವಾಪಸು ಬರುತ್ತಾರೆ. ಆಗ ಊರಿನ ಬಾಯಿ ಬಹಳ ಕೆಟ್ಟದ್ದು. "ಸರ್ಕಾರ ಪುಕ್ಕಟೆ ಕೊಟ್ಟಿದ್ದನ್ನ ಒದ್ದು ಬಂದ್ಯಾ?" ಎಂದು ಕೇಳದವರಿಲ್ಲ. ಅಪ್ಪನಿಗೆ ಮರ್ಯಾದೆಯ ಪ್ರಶ್ನೆ. ಹೀಗಾಗಿ ಮಗುವಿಗೆ ಎರಡು ಪೆಟ್ಟು ಕೊಟ್ಟು ಮತ್ತೆ ಬಸ್ಸು ಹತ್ತಿಸುತ್ತಾರೆ.

ಮೊದಲ ಎರಡು-ಮೂರು ವಾರದ ಅಳು ಎಲ್ಲ ಮಕ್ಕಳದೂ. ಅದಕ್ಕೆ ಹೆದರಿ ಕರೆತರಬೇಕಾಗಿಲ್ಲ. ಆದರೆ ಮೂರು ತಿಂಗಳಾದರೂ ಊಟ ಬಿಟ್ಟು, ಸೊರಗಿ, ಮಾತು ಕಡಿಮೆಯಾಗಿ, ಪದೇ ಪದೇ ಹೊಟ್ಟೆನೋವು ಎನ್ನುವ ಮಗುವಿನ ಮಾತನ್ನು ಕೇಳಲೇಬೇಕು. ಅದು ಹಟವಲ್ಲ, ಏನೋ ನಡೆದಿದೆ ಎಂಬ ಸೂಚನೆ. ವಾಪಸು ಕರೆತರುವುದೇ ಸರಿ ಎನಿಸಿದರೆ ವರ್ಷ ಹಾಳಾಗುತ್ತದೆಂದು ಹೆದರಬೇಕಾಗಿಲ್ಲ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಎಂಟನೇ ಇಯತ್ತೆಯವರೆಗೆ ಕಲಿಯುವ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಊರು ಮಾಡಬಹುದಾದ್ದು

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ. ಅರ್ಜಿ ಹಾಕುವ ಮೊದಲು ಒಂದು ಸಂಜೆ ಶಾಲೆಯ ಎಸ್‌ಡಿಎಂಸಿ ಐದನೇ ಇಯತ್ತೆಯ ಪಾಲಕರನ್ನು ಕೂಡಿಸಬಹುದು. ಈಗಾಗಲೇ ವಸತಿ ಶಾಲೆಯಲ್ಲಿ ಓದುತ್ತಿರುವ ಊರಿನ ಮಕ್ಕಳನ್ನು ರಜೆಯಲ್ಲಿ ಕರೆದು ಮಾತಾಡಿಸಬಹುದು. ಅಲ್ಲಿ ಏನು ಸಿಗುತ್ತದೆ, ಏನು ಕಷ್ಟ ಎಂದು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಮಾಸ್ತರರು, ಅಕ್ಕೋರು ಶಾಲೆಗಳ ಹೆಸರು, ಮಾಧ್ಯಮ, ಬೋರ್ಡು, ಹಳ್ಳಿಯೋ ಪಟ್ಟಣವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಬಹುದು.

ಕಲಘಟಗಿಯ ಬಣ್ಣದ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರು. ಕೂಸು ಹುಟ್ಟುವ ಮೊದಲೇ ಮರ ಆರಿಸಿ, ಬಣ್ಣ ನೋಡಿ, ದರ ಕೇಳಿ ತೊಟ್ಟಿಲು ಮಾಡಿಸುವ ನಾಡು ಇದು. ಅದೇ ಕೂಸು ಹತ್ತು ವರ್ಷಕ್ಕೆ ಟ್ರಂಕು ಹಿಡಿದು ಬಸ್ಸು ಹತ್ತುವಾಗ "ಯಾವ್ದರ ಆಗ್ಲಿ, ಸೀಟ್ ಬಂದ್ರ ಸಾಕು" ಎನ್ನುವುದು ಸರಿಯಲ್ಲ. ಈ ಸಲದ ಅರ್ಜಿಯ ದಿನ ಬರುವ ಮುಂಚೆ ಮಿಶ್ರಿಕೋಟಿಯ ಪಾಲಕರು ಆ ನಾಲ್ಕು ಪ್ರಶ್ನೆಗಳನ್ನು ಕೇಳಿಯೇ ಸಹಿ ಮಾಡಲಿ: ಯಾವ ಮಾಧ್ಯಮ, ಯಾವ ಬೋರ್ಡು, ಹಳ್ಳಿಯೋ ಪಟ್ಟಣವೋ, ಹತ್ತರ ನಂತರ ಎಲ್ಲಿಗೆ? ಐದನೆಯ ಪ್ರಶ್ನೆಯನ್ನು ಮಗುವಿಗೇ ಕೇಳಬೇಕು: "ಇರ್ತಿಯೇನವಾ?"